ಕಿವಿ ಮಡಚುವ ಕಾರು

ಹಳೇ ಮದ್ರಾಸು ರಸ್ತೆಯಲ್ಲಿ ಆ ದಿನ ಬೆಳಿಗ್ಗೆ ಜನರೆಲ್ಲ ನನ್ನ ಕಾರನ್ನೇ ನೋಡುತ್ತಿದ್ದರು. ಬಸ್‌ಸ್ಟಾಪಿನಲ್ಲಿ ನಿಂತವರು ನೋಡಿದರು. ಬಸ್ಸಿನೊಳಗಿದ್ದವರು ಕತ್ತು ಹೊರಗೆ ಹಾಕಿ ನೋಡಿದರು. ಪಕ್ಕದ ಸ್ಕೂಟರಿನಲ್ಲಿ ಹಿಂದೆ ಕೂತ ಹೆಂಗಸೊಬ್ಬಳು ಗಂಡನ ಭುಜ ತಟ್ಟಿ ತೋರಿಸಿದಳು. ಹಿಂದಿನ ಭಾನುವಾರವಷ್ಟೇ ಕಾರಿಗೆ ಪಾಲಿಶ್ ಹೊಡೆಸಿದ್ದೆ. ತಾನಾಗಿ ಬಂದ ಕೀರ್ತಿಯನ್ನು ತಳ್ಳಿಹಾಕುವುದು ಸೌಜನ್ಯವಲ್ಲವೆಂದು ಒಂದಿಬ್ಬರಿಗೆ ಕೈಯನ್ನೂ ಬೀಸಿದೆ!

ಇಂದಿರಾನಗರದ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸಿನವರು ಬಂದು ಗಾಜು ತಟ್ಟಿದರು. ಒಳಗೆ ಬಗ್ಗಿ ಪಕ್ಕದ ಸೀಟು ನೋಡಿದರು, ಹಿಂದಿನ ಸೀಟು ನೋಡಿದರು, ಕೊನೆಗೆ ಬಹಳ ಕಾಳಜಿಯಿಂದ ಕೇಳಿದರು.

"ಮೇಡಮ್ಮೋರು ಎಲ್ಲಿ ಬಿದ್ದೋದ್ರು ಸಾರ್?"

"ಯಾವ ಮೇಡಮ್ಮು?"

"ಸೀರೆ ಮಾತ್ರ ಬಂದೈತಲ್ಲ ಸಾರ್, ಅದುಕ್ಕೆ ಕೇಳ್ದೆ."

ಇಳಿದು ನೋಡಿದೆ. ಕಾರಿನ ಎಡಗಡೆಯ ಕನ್ನಡಿಗೆ ಸಿಕ್ಕಿಕೊಂಡು, ದಂಡಯಾತ್ರೆಗೆ ಹೊರಟ ಅರಸನ ಪತಾಕೆಯ ಹಾಗೆ ಹಿಂದಕ್ಕೆ ಹಾರುತ್ತಿತ್ತು ನಮ್ಮ ಗಲ್ಲಿಯ ಅಕ್ಕಯಮ್ಮನವರ ಗುಲಾಬಿ ಬಣ್ಣದ ಸೀರೆ! ಅವರು ಒಗೆದು ಬಾಗಿಲ ಮುಂದಿನ ಹಗ್ಗಕ್ಕೆ ಹರವಿದ್ದನ್ನು ನಾನು ಜೋಗುಪಾಳ್ಯದಿಂದ ಇಲ್ಲಿಯವರೆಗೆ ಮೆರವಣಿಗೆ ಮಾಡಿಸಿಕೊಂಡು ಬಂದಿದ್ದೆ. ಸೀರೆ ಪೂರ್ತಿ ಒಣಗಿತ್ತು ಎಂಬುದೊಂದೇ ಸಮಾಧಾನ.

ಇಲ್ಲಿ ನಮ್ಮ ಗಲ್ಲಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಒಂದು ಹಸು ಹೋಗಲಿ, ಅದರ ಹಿಂದೆ ಕರು ಹೋಗಲಿ ಎಂದು ಹುಟ್ಟಿದ ಗಲ್ಲಿ ಅದು. ಹಸು ಕರು ಅಕ್ಕಪಕ್ಕ ಹೋಗಲಿ ಎಂದಲ್ಲ. ಗಲ್ಲಿಯ ಆ ತುದಿ ಮುಚ್ಚಿಕೊಂಡಿದೆ. ಅಲ್ಲಿ ನಮ್ಮ ಮನೆ ಮಾಲೀಕರಾದ ಮುನಿಆಂಜನಪ್ಪನವರ ಹಳೆಯ ಕೊಟ್ಟಿಗೆ. ಹಸುಗಳು ಹೋದ ಮೇಲೆ ಆ ಜಾಗವನ್ನು ಅವರು ದೊಡ್ಡ ಮನಸ್ಸು ಮಾಡಿ ನನ್ನ ಪುಟ್ಟ ಕಾರಿಗೆ ಬಿಟ್ಟುಕೊಟ್ಟಿದ್ದರು. ನಮ್ಮ ಬೆಂಗಳೂರಿನಲ್ಲಿ ಮನೆ ಸಿಗುತ್ತದೆ, ಪ್ರಯತ್ನಪಟ್ಟರೆ ಹೆಣ್ಣೂ ಸಿಗುತ್ತದೆ. ಕಾರು ನಿಲ್ಲಿಸುವ ಜಾಗ ಮಾತ್ರ ಪೂರ್ವಜನ್ಮದ ಪುಣ್ಯವಿದ್ದವರಿಗೇ!

ಕಾರಿನ ಎರಡು ಕನ್ನಡಿಗಳನ್ನೂ ಒಳಕ್ಕೆ ಮಡಚಿದರೆ ಅದು ಗಲ್ಲಿಯಲ್ಲಿ ಹಿಡಿಸುತ್ತದೆ. ಬಿಚ್ಚಿದರೆ ಹಿಡಿಸುವುದಿಲ್ಲ. ಬಲಗಡೆಯದನ್ನು ನಾನೇ ಕೈ ಚಾಚಿ ಮಡಚಿಕೊಳ್ಳುತ್ತಿದ್ದೆ. ಎಡಗಡೆಯದು ಗಲ್ಲಿಯವರ ಪಾಲು. ಸಂಜೆ ನಾನು ಹಿಮ್ಮುಖವಾಗಿ ಒಳಗೆ ಬರುವಾಗ, ಗಲ್ಲಿಯ ಬಾಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿರುವ ಅಂಬಣ್ಣ ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಕನ್ನಡಿಯನ್ನು ಒಳಕ್ಕೆ ತಳ್ಳಿ, "ಬಾ ಬಾ ಬಾ ಬಾ... ಲೆಫ್ಟು ಕಟ್ಟು!" ಎಂದು ಕೂಗುವನು. ಮಧ್ಯದ ಮನೆಯ ಅಕ್ಕಯಮ್ಮ ಹೊಸಿಲ ಮೇಲೆ ಸೊಪ್ಪು ಬಿಡಿಸುತ್ತ ಕೂತವರು, ಗೋಡೆ ಹತ್ತಿರವಾದರೆ ಡಿಕ್ಕಿಯ ಮೇಲೆ ಲೋಟದಿಂದ 'ಡಣ್' ಎಂದು ಬಾರಿಸುವರು. ಬೆಳಿಗ್ಗೆ ಹೊರಡುವಾಗ ಹಗ್ಗದ ಬಟ್ಟೆ ಸರಿಸಿ ದಾರಿ ಬಿಡುವುದು ಅಕ್ಕಯಮ್ಮ, ಮೇನ್ ರೋಡಿನಲ್ಲಿ ಕನ್ನಡಿ ಬಿಚ್ಚುವುದು ಅಂಬಣ್ಣ. ಯಾರೂ ಮಾಡಿದ ಏರ್ಪಾಡಲ್ಲ, ಹಾಗೇ ನಡೆದುಕೊಂಡು ಬಂದಿತ್ತು. ಆ ದಿನ ಅಕ್ಕಯಮ್ಮ ತಲೆಸ್ನಾನಕ್ಕೆ ಹೋಗಿದ್ದರು. ಅಂಬಣ್ಣ ಇನ್ನೂ ಬಂದಿರಲಿಲ್ಲ. ಆದ್ದರಿಂದ ಸೀರೆ ಇಂದಿರಾನಗರ ಸೇರಿತು.

ಸಂಜೆ ಸೀರೆಯನ್ನು ಮಡಚಿ, ಮುಖ ಸಣ್ಣಗೆ ಮಾಡಿಕೊಂಡು ಹಿಂತಿರುಗಿಸಿದೆ.

"ಸುಪ್ರೀತಮ್ಮಂಗೆ ಬೇಕಿತ್ತು ಅಂದಿದ್ರೆ ನಾನೇ ಕೊಡ್ತಿದ್ನಲ್ಲ ಸಾರ್," ಎಂದರು ಅಕ್ಕಯಮ್ಮ, ನನ್ನ ಹೆಂಡತಿಯ ಹೆಸರೆತ್ತಿ. "ಎಳ್ಕೊಂಡೋಗೋದ್ ಯಾಕೆ?"

ಮುನಿಆಂಜನಪ್ಪನವರು ಕೊಟ್ಟಿಗೆಯ ಮುಂದೆ ನಿಂತಿದ್ದರು. ಹೆಚ್ಚು ಮಾತಿನವರಲ್ಲ. ಮಾತಾಡುವುದಕ್ಕೇ ಸುಸ್ತು ಎಂಬಂತೆ ಇರುತ್ತಾರೆ.

"ಸಾರ್, ಹೋದ್ ತಿಂಗ್ಳು ನಮ್ ಬಚ್ಚಲ ಪೈಪು. ಅದ್ರ ಹಿಂದೆ ತುಳಸಿ ಕುಂಡ. ಈಗ ಹೆಣ್ಮಕ್ಳ ಸೀರೆ. ಇನ್ನೊಂದ್ ಸಲ ಏನಾದ್ರೂ ತಾಕ್ತು ಅಂದ್ರೆ ಕಾರು ಆಚೆ ನಿಂತ್ಕೊಳ್ಲಿ."

ಆಚೆ ಎಂದರೆ ಮೇನ್ ರೋಡು. ಅಲ್ಲಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಎಲ್ಲಿ ಎಂದು ಹುಡುಕುವುದು? ಮನೆಗೆ ಬಂದವನೇ ಹೆಂಡತಿಯ ಮುಂದೆ ನಿಂತು ಪ್ರತಿಜ್ಞೆ ಮಾಡಿದೆ.

"ಸುಪ್ರೀತಾ, ಇವತ್ತಿಂದ ಈ ರಾಜಶೇಖರ ಯಾರ ಹಂಗಿನಲ್ಲೂ ಕಾರು ಓಡಿಸೋದಿಲ್ಲ!"

"ಪೆಟ್ರೋಲ್ ಬಂಕಿನವರಿಗೆ ಹೇಳಿದೀರಾ?" ಎಂದಳು, ತಲೆ ಎತ್ತದೆ.

"ತಮಾಷೆ ಅಲ್ಲ ಕಣೆ. ನಮ್ಮ ಆಫೀಸಿನ ಜಿ.ಎಂ. ಸಾಹೇಬರ ಕಾರು ನೋಡಿದ್ದೀಯಾ? ಒಂದು ಗುಂಡಿ ಒತ್ತಿದ್ರೆ ಎರಡು ಕನ್ನಡೀನೂ ಗುಂಯ್ ಅಂತ ತಾವೇ ಮಡಚ್ಕೊಳ್ತವೆ. ನಮ್ಮದಕ್ಕೂ ಹಾಕಿಸ್ತೀನಿ."

"ರೀ, ಅವರ ಕಾರಿಗೆ ಅದು ಹುಟ್ಟಿನಿಂದಲೇ ಬಂದಿರತ್ತೆ. ಅಂಬಣ್ಣ ಹೆಂಗಿದ್ರೂ ಮಡಚ್ತಾನೆ. ಅವನೂ ಗುಂಯ್ ಅನ್ಬೇಕಾ?"

ಸ್ವಾಭಿಮಾನದ ವಿಷಯ ಹೆಂಗಸರಿಗೆ ಅರ್ಥವಾಗುವುದಿಲ್ಲವೆಂದು ಮನಸ್ಸಿನಲ್ಲೇ ಅಂದುಕೊಂಡೆ. ಜೋರಾಗಿ ಅನ್ನುವ ವಯಸ್ಸು ದಾಟಿದೆ.

ಮುಂದಿನ ಶನಿವಾರ ಶಿವಾಜಿನಗರಕ್ಕೆ ಹೋದೆ. ಹಳೆಯ ಕಾರುಗಳ ಬಿಡಿಭಾಗಗಳು ಬೆಟ್ಟದಂತೆ ಬಿದ್ದಿರುವ ಓಣಿಯಲ್ಲಿ ಚಾಂದ್ ಪಾಷಾ ಅವರ ಅಂಗಡಿ. ಅಂಗಡಿಗಿಂತ ಅವರ ಭರವಸೆ ದೊಡ್ಡದು.

"ಫೋಲ್ಡಿಂಗ್ ಕನ್ನಡಿನಾ? ಟೆನ್ಶನ್ ನಕ್ಕೋ ಸಾರ್! ಜಪಾನ್ ಮಾಲ್ ಐತೆ. ಗಾಡಿ ಸತ್ತೋಗಿದೆ, ಕನ್ನಡಿ ಜೀವಂತ ಐತೆ."

ಅವರು ಒಳಗಿನಿಂದ ಹೊತ್ತು ತಂದ ಕನ್ನಡಿಗಳನ್ನು ನೋಡಿ ನಾನು ಒಂದು ಹೆಜ್ಜೆ ಹಿಂದಿಟ್ಟೆ. ಒಂದೊಂದೂ ಅಕ್ಕಿ ಕೇರುವ ಮೊರದಷ್ಟಿತ್ತು!

"ಇದು ಯಾವ ಕಾರಿಂದು ಪಾಷಾ ಅವರೇ?"

"ಕಾರಲ್ಲ ಸಾರ್, ದೊಡ್ಡ ಜೀಪು. ಚಿಕ್ಕ ಕಾರಿಗೆ ಮೋಟರ್ ಕನ್ನಡಿ ಬರೋದೇ ಇಲ್ಲ. ಬರ್ತಿದ್ರೆ ನೀವ್ ಇಲ್ಲಿಗ್ ಬರ್ತಿದ್ರಾ?"

ತರ್ಕ ಗಟ್ಟಿಯಾಗಿತ್ತು.

"ಸ್ವಲ್ಪ ದೊಡ್ಡದಾಯ್ತಲ್ವಾ?"

"ದೊಡ್ಡದಾದ್ರೆ ಏನಾಯ್ತು? ಮಡಚೋಕ್ಕೆ ತಾನೆ ಹಾಕ್ಸೋದು! ಮಡಚಿದ್ ಮೇಲೆ ದೊಡ್ಡದೇನು, ಚಿಕ್ಕದೇನು?"

ಇದೂ ಗಟ್ಟಿಯಾಗಿತ್ತು. ನಾನು ಸ್ಟೂಲಿನ ಮೇಲೆ ಕೂತೆ. ಪಾಷಾ ನನ್ನ ಕಾರಿನ ಎರಡೂ ಬಾಗಿಲುಗಳ ಹೊಟ್ಟೆ ಬಗೆದು ಕರುಳು ಹೊರಗೆಳೆದರು. ಕೆಂಪು ವೈರನ್ನು ಹಳದಿಗೆ ಕೊಟ್ಟರು, ಹಳದಿಯನ್ನು ಕಪ್ಪಿಗೆ ಕೊಟ್ಟರು, ಉಳಿದ ಒಂದನ್ನು ಯಾರಿಗೂ ಕೊಡದೆ ಟೇಪು ಸುತ್ತಿ ಒಳಗೆ ತುರುಕಿದರು. ಗುಂಡಿಗೆ ಜಾಗವಿಲ್ಲದೆ ಬೂದಿ ಉದುರಿಸುವ ಬಟ್ಟಲನ್ನು ಕಿತ್ತು ಅಲ್ಲಿ ಕೂರಿಸಿದರು. ಮಧ್ಯೆ ಮೂರು ಸಲ ಚಹಾ ತರಿಸಿಕೊಟ್ಟರು. ಬೆಲೆಯೆಷ್ಟಾಯಿತೆಂದು ಇಲ್ಲಿ ಬರೆಯುವುದಿಲ್ಲ. ಈ ಲೇಖನವನ್ನು ಸುಪ್ರೀತಾ ಕೂಡ ಓದುತ್ತಾಳೆ. ನನ್ನ ಹಳೆಯ ಕನ್ನಡಿಗಳು ಎಕ್ಸ್‌ಚೇಂಜಿನಲ್ಲಿ ಅಲ್ಲೇ ಉಳಿದವು.

ಗುಂಡಿ ಒತ್ತಿದೆ. ಗುಂಯ್! ಮಡಚಿಕೊಂಡವು. ಮತ್ತೆ ಒತ್ತಿದೆ. ಗುಂಯ್! ಬಿಚ್ಚಿಕೊಂಡವು. ಗಣಪತಿಯ ಕಿವಿಗಳನ್ನು ತೆಗೆದು ಅವನ ವಾಹನಕ್ಕೆ ಅಂಟಿಸಿದಂತೆ ಕಾಣುತ್ತಿತ್ತೆಂಬುದು ನಿಜ. ಆದರೆ ಆ 'ಗುಂಯ್' ಇದೆಯಲ್ಲ, ಅದರಲ್ಲಿ ಅರಮನೆಯ ಬಾಗಿಲು ತೆರೆದ ಗಾಂಭೀರ್ಯವಿತ್ತು!

"ಒಂದೇ ಮಾತು ಸಾರ್," ಎಂದರು ಪಾಷಾ. "ಕೈಯಲ್ಲಿ ಮಾತ್ರ ಯಾರೂ ಮಡಚಬಾರ್ದು. ಒಳಗೆ ಪ್ಲಾಸ್ಟಿಕ್ ಗೇರು. ಕಟ್ ಅಂದ್ರೆ ಖತಂ."

ಸಂಜೆ ಗಲ್ಲಿಯ ಬಾಯಿಗೆ ಬಂದೆ. ಅಂಬಣ್ಣ ಎಂದಿನಂತೆ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು ಕನ್ನಡಿಗೆ ಕೈ ಚಾಚಿದ.

"ಮುಟ್ಬೇಡ!" ಎಂದು ಕಿರುಚಿದೆ.

ಅವನು ಕರೆಂಟು ಹೊಡೆದವನಂತೆ ಕೈ ಹಿಂದಕ್ಕೆಳೆದುಕೊಂಡ. ನಾನು ಗಂಭೀರವಾಗಿ ಗುಂಡಿ ಒತ್ತಿದೆ. ಗುಂಯ್! ಅಂಬಣ್ಣ ಕನ್ನಡಿಯನ್ನು ನೋಡಿದ, ನನ್ನನ್ನು ನೋಡಿದ, "ಓಹೋ" ಎಂದು ಹೋಗಿ ಒಂದು ಪ್ಯಾಂಟಿಗೆ ಇಸ್ತ್ರಿ ಹಾಕತೊಡಗಿದ.

ರಿವರ್ಸ್ ಗೇರು ಹಾಕಿ ಹಿಂದೆ ನೋಡಲೆಂದು ಕನ್ನಡಿಯತ್ತ ತಿರುಗಿದೆ. ಎಡಗಡೆ ನನ್ನ ಮೂಗು ಕಂಡಿತು. ಬಲಗಡೆ ನನ್ನ ಕಿವಿ. ಒಳಗಿನ ಕನ್ನಡಿಯಲ್ಲಿ ಕಂಡದ್ದು ಹಿಂದಿನ ಸೀಟಿನ ಮೇಲೆ ಪಾಷಾ ಮರೆತುಬಿಟ್ಟ ಬಾಗಿಲ ಚೂರು. ಮಡಚಿದ ಕನ್ನಡಿಯಲ್ಲಿ ರಸ್ತೆ ಕಾಣುವುದಿಲ್ಲವೆಂಬ ಸರಳ ಸತ್ಯ ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ! ಏಕೆಂದರೆ ಇಷ್ಟು ವರ್ಷ ನಾನು ಕನ್ನಡಿ ನೋಡಿ ಹಿಂದೆ ಬಂದೇ ಇರಲಿಲ್ಲ. ಅಂಬಣ್ಣನ "ಬಾ ಬಾ ಬಾ" ಕೇಳಿ ಬರುತ್ತಿದ್ದೆ.

"ಅಂಬಣ್ಣಾ, ಸ್ವಲ್ಪ ಹೇಳಪ್ಪಾ..."

"ಕಾರೇ ಎಲ್ಲಾ ಮಾಡ್ಕೊಳ್ತದಲ್ಲ ಸಾರ್."

ಇಂಚಿಂಚೇ ಹಿಂದೆ ಸರಿದೆ. ಅಕ್ಕಯಮ್ಮ ಲೋಟ ಹಿಡಿದು ಎದ್ದು ಬಂದರು. ಬಂದವರು ಕನ್ನಡಿಯ ಗಾತ್ರ ನೋಡಿ ಬೆರಗಾಗಿ, "ಇದೇನ್ ಸಾರ್ ಇದೂ..." ಎಂದು ಅದರ ಮೇಲೆ ಕೈಯಿಡಲು ಹೋದರು.

"ಮುಟ್ಬೇಡಿ ಅಮ್ಮಾ! ಮುಟ್ಬೇಡಿ!"

ಅವರ ಕೈ ಗಾಳಿಯಲ್ಲೇ ನಿಂತಿತು. "ಮುಟ್ಬಾರ್ದಾ? ಸರಿ ಸಾರ್," ಎಂದು ಆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದರು.

ಮರುದಿನ ಬೆಳಗಾಗುವುದರೊಳಗೆ ಗಲ್ಲಿಯ ತುಂಬ ಸುದ್ದಿ. ನೀರು ಹಿಡಿಯುವ ಕಡೆ ಅಕ್ಕಯಮ್ಮ ಹೇಳುತ್ತಿದ್ದುದು ನಮ್ಮ ಕಿಟಕಿಗೇ ಕೇಳಿಸಿತು. "ರಾಜಶೇಖರಪ್ಪೋರ್ ಕಾರು ಬಂದ್ರೆ ದೂರ ನಿಂತ್ಕೊಳ್ರಮ್ಮ. ಅದು ಮಡೀಲೈತೆ. ನಾವ್ ಮುಟ್ಬಿಟ್ರೆ ಆಮೇಲೆ ಮತ್ತೆ ಸ್ನಾನ ಮಾಡ್ಬೇಕಾಗ್ತದೆ, ಪಾಪ!"

"ಕೇಳಿಸ್ತಾ?" ಎಂದಳು ಸುಪ್ರೀತಾ.

"ಗೇರಿನ ವಿಷಯ ಅವರಿಗೆ ಗೊತ್ತಿಲ್ಲ."

"ನಿಮಗೆ ಗಲ್ಲಿ ವಿಷಯ ಗೊತ್ತಿಲ್ಲ. ಹೋಗಿ ಒಂದು ಮಾತು ಹೇಳಿ ಬನ್ನಿ."

ನಾನು ಹೋಗಲಿಲ್ಲ. ಯಾರ ಹಂಗೂ ಬೇಡವೆಂದು ಪ್ರತಿಜ್ಞೆ ಮಾಡಿದವನು ಅದೇ ವಾರ ಹಂಗು ಕೇಳಿಕೊಂಡು ಹೋಗುವುದೇ?

ಅಂದಿನಿಂದ ಶುರುವಾಯಿತು ಅಹಿಂಸಾತ್ಮಕ ಅಸಹಕಾರ. ನನ್ನ ಕಾರು ಕಂಡೊಡನೆ ಅಂಬಣ್ಣ ಎರಡೂ ಕೈ ಮೇಲೆತ್ತಿ ಶರಣಾದವನಂತೆ ನಿಲ್ಲುವನು. ಅಕ್ಕಯಮ್ಮ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳುವರು. ಬಾ ಎನ್ನುವವರಿಲ್ಲ, ಡಣ್ ಎನ್ನಿಸುವವರಿಲ್ಲ. ಹಿಂದೆ ನೋಡಬೇಕೆಂದರೆ ಕನ್ನಡಿ ಬಿಚ್ಚಬೇಕು, ಬಿಚ್ಚಿದರೆ ಗೋಡೆ. ಗೋಡೆ ತಪ್ಪಿಸಬೇಕೆಂದರೆ ಮಡಚಬೇಕು, ಮಡಚಿದರೆ ನನ್ನ ಮೂಗು. ಬಿಚ್ಚಿದೆ, ಒಂದು ಮೊಳ ಬಂದೆ, ಮಡಚಿದೆ, ಒಂದು ಗೇಣು ಬಂದೆ, ಮತ್ತೆ ಬಿಚ್ಚಿದೆ. ಗುಂಯ್ ಗುಂಯ್ ಗುಂಯ್! ಕಾರು ಇನ್ನೇನು ರೆಕ್ಕೆ ಬಡಿದು ಹಲಸೂರು ಕೆರೆಯ ಕಡೆ ಹಾರಿಬಿಡುತ್ತದೆಂದು ಜನ ಮಹಡಿ ಹತ್ತಿ ನೋಡುತ್ತಿದ್ದರು. ಕೊಟ್ಟಿಗೆ ಮುಟ್ಟುವಷ್ಟರಲ್ಲಿ ನನ್ನ ಅಂಗಿ ಹಿಂಡಿದರೆ ಒಂದು ಕೊಡ ನೀರು. ಮನೆ ಮೆಟ್ಟಿಲು ಹತ್ತಲೂ ತ್ರಾಣವಿರುತ್ತಿರಲಿಲ್ಲ. ಆಫೀಸಿನಲ್ಲಿ ಮಧ್ಯಾಹ್ನವಾಗುತ್ತಲೇ ಸಂಜೆಯ ಗಲ್ಲಿ ನೆನಪಾಗಿ ಭುಜ ನೋಯುತ್ತಿತ್ತು.

ವಾರ ಕಳೆಯುವುದರೊಳಗೆ ಎಡಗನ್ನಡಿ ಸುಸ್ತಾಯಿತು. ಅದಕ್ಕೂ ನನ್ನದೇ ವಯಸ್ಸಿದ್ದಿರಬೇಕು. ಮತ್ತೆ ಶಿವಾಜಿನಗರ.

"ದಿನಕ್ಕೆ ಎಷ್ಟ್ ಸಲ ಮಡಚ್ತೀರಾ ಸಾರ್?" ಎಂದರು ಪಾಷಾ.

"ಲೆಕ್ಕ ಇಟ್ಟಿಲ್ಲ."

"ಮೋಟರ್ರಿಗೂ ಕೈಕಾಲ್ ನೋವಾಗಲ್ವಾ? ತೊಗೊಳಿ, ಬೇರೆ ಕಡೆಯಿಂದ ಕರೆಂಟ್ ಕೊಟ್ಬಿಡ್ತೀನಿ. ಕುದುರೆ ಥರಾ ಆಗ್ತದೆ!"

ಕೊಟ್ಟರು. ಕುದುರೆಯ ಥರವೇ ಆಯಿತು. ಬೇರೆ ಕಡೆ ಎಂದರೆ ಬ್ರೇಕ್ ದೀಪಕ್ಕೆ ಹೋಗುವ ವೈರು ಎಂದು ನನಗೆ ತಿಳಿದದ್ದು ಕಮರ್ಷಿಯಲ್ ಸ್ಟ್ರೀಟಿನ ತಿರುವಿನಲ್ಲಿ. ಅಂದು ಅಲ್ಲಿಂದ ಸುಪ್ರೀತಾಳನ್ನು ಕರೆದುಕೊಂಡು ಹೊರಟಿದ್ದೆ. ಬ್ರೇಕು ಒತ್ತಿದೆ. ಇಕ್ಕಟ್ಟಿಗೆಂದು ಮಡಚಿದ್ದ ಎಡಗನ್ನಡಿ 'ಫಟ್' ಎಂದು ಬಿಚ್ಚಿಕೊಂಡಿತು.

"ರೀ, ಇದ್ಯಾಕೆ ಹೀಗೆ ಬೆಚ್ಚಿಬೀಳತ್ತೆ?"

"ಹೊಸದಲ್ವಾ, ಹೊಂದ್ಕೊಳ್ಳತ್ತೆ."

ಬ್ರೇಕು ಬಿಟ್ಟು ಗುಂಡಿ ಒತ್ತಿದರೆ ಮಡಚುವುದು. ಮತ್ತೆ ಬ್ರೇಕು, ಮತ್ತೆ ಫಟ್. ಎಂದರೆ ಏನಾದರೂ ಅಡ್ಡ ಬಂತೆಂದು ನಾನು ನಿಲ್ಲಿಸಲು ಹೋದರೆ, ಅದಕ್ಕೆ ಸರಿಯಾಗಿ ಕಾರು ಕೈ ಚಾಚಿ ಆ ಅಡ್ಡ ಬಂದದ್ದಕ್ಕೇ ಹೊಡೆಯುತ್ತಿತ್ತು!

ಗಲ್ಲಿಯ ಬಾಯಿಗೆ ಬಂದಾಗ ಇನ್ನೂ ಬೆಳಕಿತ್ತು. ಮರುದಿನ ಮುನಿಆಂಜನಪ್ಪನವರ ಮಗಳ ನಿಶ್ಚಿತಾರ್ಥ. ಅವರು ಇಸ್ತ್ರಿಗೆ ಕೊಟ್ಟಿದ್ದ ಬಟ್ಟೆ ತೆಗೆದುಕೊಂಡು ಹೋಗಲು ತಾವೇ ಬಂದು ಅಂಬಣ್ಣನ ಗಾಡಿಯ ಬಳಿ ನಿಂತಿದ್ದರು. ಗಾಡಿಯ ಅಂಚಿನಲ್ಲಿ ಹಾಲಿನಂಥ ಬಿಳಿ ಪಂಚೆ, ಬಿಳಿ ಶರಟು, ಜರಿಯಂಚಿನ ಶಲ್ಯ. ನಾನು ಗುಂಡಿ ಒತ್ತಿ ಕನ್ನಡಿ ಮಡಚಿ ಮೆಲ್ಲಗೆ ಹಿಂದೆ ಸರಿದೆ. ಗಾಡಿ ತೀರ ಹತ್ತಿರ ಬಂತು. ಹೆಂಡತಿ "ರೀ, ಬ್ರೇಕು!" ಎಂದಳು. ಜವಾಬ್ದಾರಿಯುತ ನಾಗರಿಕನಾದ ನಾನು ಬ್ರೇಕು ಒತ್ತಿದೆ.

ಫಟ್!

ಮೊರದಗಲದ ಕನ್ನಡಿ ಗಾಡಿಯ ಅಂಚನ್ನು ಒಂದೇ ಬೀಸಿಗೆ ಗುಡಿಸಿತು. ಪಂಚೆ, ಶರಟು, ಶಲ್ಯ ಮೂರೂ ಒಟ್ಟಿಗೆ ಮೇಲೆದ್ದು, ನಿಧಾನವಾಗಿ ಚರಂಡಿಯ ಅಂಚಿನ ಕೆಸರಿನಲ್ಲಿ ಇಳಿದವು. ಅಂಬಣ್ಣ ಎರಡೂ ಕೈ ಮೇಲೆತ್ತಿಕೊಂಡೇ ಇದ್ದ.

"ಯಜಮಾನ್ರೇ," ಎಂದು ಇಳಿದು ಓಡಿದೆ. "ಬ್ರೇಕ್ ಒತ್ತಿದ್ದಕ್ಕೆ ಹೀಗಾಯ್ತು!"

ಮುನಿಆಂಜನಪ್ಪನವರು ಕೆಸರನ್ನು ನೋಡುತ್ತ, ಬಹಳ ದಣಿದ ದನಿಯಲ್ಲಿ ಹೇಳಿದರು. "ಬ್ರೇಕ್ ಒತ್ತುದ್ರೆ ಗಾಡಿ ನಿಂತ್ಕೋಬೇಕು ಸಾರ್. ಪಂಚೆ ಯಾಕ್ ಬೀಳ್ಬೇಕು?"

ಇದಕ್ಕೆ ಉತ್ತರ ಪಾಷಾ ಅವರಲ್ಲಿ ಇದ್ದಿರಬಹುದು.

"ಕಾರು ಆಚೆ ನಿಲ್ಸಿ ಸಾರ್. ಸಾಕು."

ಅಷ್ಟರಲ್ಲಿ ಸುಪ್ರೀತಾ ಇಳಿದು ಬಟ್ಟೆಗಳನ್ನೆತ್ತಿಕೊಂಡಿದ್ದಳು. "ಅಣ್ಣಾ, ಇದನ್ನ ನಾನೀಗ್ಲೇ ಒಗೆದು ಕೊಡ್ತೀನಿ, ಅಂಬಣ್ಣ ಬೆಳಿಗ್ಗೆ ಇಸ್ತ್ರಿ ಹಾಕ್ಲಿ. ಕಲೆ ಉಳಿದ್ರೆ ಕೇಳಿ. ಒಂದೇ ಒಂದು ಸಲ ಕಾರು ಒಳಗೆ ಬಿಡಿ. ಏನಾದ್ರೂ ತಾಕಿದ್ರೆ ನಾವೇ ಆಚೆ ತೆಗೀತೀವಿ, ಮತ್ತೆ ಕೇಳಲ್ಲ."

ಮುನಿಆಂಜನಪ್ಪನವರು ಆಕಾಶ ನೋಡಿದರು. "ಒಂದ್ ಸಲ. ನಾನ್ ಕೊಟ್ಟಿಗೆ ತಾವ ನಿಂತಿರ್ತೀನಿ," ಎಂದು ನಡೆದರು.

ನಾನು ಸ್ಟಿಯರಿಂಗಿನ ಕಡೆ ಹೊರಟೆ. ಸುಪ್ರೀತಾ ನನ್ನ ಮುಂದೆ ಬಂದು ಕೈಚಾಚಿದಳು.

"ಕೀ ಕೊಡಿ."

"ನೀನಾ? ಈ ಗಲ್ಲೀಲಾ?"

ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತು ಲೈಸೆನ್ಸು ಪಡೆದು ಬಹಳ ಕಾಲವಾಗಿತ್ತು. ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಮಾತ್ರ ಅವಳ ಕೈಗೆ ಕಾರು ಕೊಡುತ್ತಿದ್ದೆ, ಅದೂ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕು ತುಳಿಯುತ್ತ.

"ನೀವು ಆ ಕನ್ನಡಿ ಹಿಡ್ಕೊಂಡು ಜೊತೆಗೇ ಬನ್ನಿ. ಬಿಚ್ಚಿಕೊಳ್ಳೋಕೆ ಬಿಡ್ಬೇಡಿ. ಗೇರು ಮುರಿದ್ರೆ ಮುರೀಲಿ."

ಎಂದವಳೇ ಕಾರಿನಲ್ಲಿ ಕೂತು, ಕತ್ತು ಹೊರಗೆ ಹಾಕಿ, ಗಲ್ಲಿಗೆಲ್ಲ ಕೇಳುವಂತೆ ಹೇಳಿದಳು. "ಅಂಬಣ್ಣಾ, ಅಕ್ಕಯಮ್ಮಾ, ನಂಗೆ ಇಲ್ಲಿ ರಿವರ್ಸ್ ಬರಲ್ಲ. ನೀವು ಹೇಳ್ದಂಗೆ ಬರ್ತೀನಿ, ಆಯ್ತಾ?"

ಇದೇ ಮಾತಿಗೆ ಇಡೀ ಗಲ್ಲಿ ಕಾದು ಕೂತಿತ್ತೋ ಎಂಬಂತೆ ಬಾಗಿಲುಗಳು ತೆರೆದವು.

"ನೀವ್ ಬನ್ನಿಯಮ್ಮ, ನಾವಿಲ್ವಾ!" ಎಂದ ಅಂಬಣ್ಣ. ಮೇಲೆತ್ತಿದ ಕೈಗಳು ಕೆಳಗಿಳಿದವು. "ಬಾ ಬಾ ಬಾ ಬಾ... ರೈಟು ಸ್ವಲ್ಪ... ಬಾ ಬಾ..."

ನಾನು ಗೋಡೆಗೂ ಕಾರಿಗೂ ನಡುವೆ ಹೊಟ್ಟೆ ಒಳಕ್ಕೆಳೆದುಕೊಂಡು, ಕನ್ನಡಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಏಡಿಯಂತೆ ಅಡ್ಡಡ್ಡಲಾಗಿ ನಡೆದೆ. ಅವಳು ಬ್ರೇಕು ಒತ್ತಿದಾಗಲೆಲ್ಲ ಕನ್ನಡಿ ನನ್ನ ತೋಳಿನಲ್ಲಿ ಕೊಸರಾಡುತ್ತಿತ್ತು. ಒಳಗೆ ಗೇರು 'ಕಟಕಟಕಟ' ಎಂದು ಹಲ್ಲು ಕಡಿಯುತ್ತಿತ್ತು.

ಅಕ್ಕಯಮ್ಮ ಲೋಟ ಹಿಡಿದು ಬಂದರು. "ಸಾರ್, ನೀವ್ ಮುಟ್ಬೋದಾ ಅದುನ್ನ?"

"ಮುಟ್ಬೋದು ಅಕ್ಕಯಮ್ಮಾ," ಎಂದೆ, ಉಸಿರು ಸಿಕ್ಕಷ್ಟು. "ನೀವೂ ಮುಟ್ಬೋದು. ಎಲ್ಲಾರೂ ಮುಟ್ಬೋದು. ತಪ್ಪಾಯ್ತು."

"ಹಂಗೇಳಿ ಮತ್ತೆ!" ಎಂದು ಅವರು ಡಿಕ್ಕಿಯ ಮೇಲೆ ಡಣ್ ಎಂದು ಬಾರಿಸಿದರು. ಕಾರು ನಿಂತಿತು. "ಸುಪ್ರೀತಮ್ಮಾ, ಲೆಫ್ಟು ಒಂಚೂರು! ಆಂ, ಬನ್ನಿ ಬನ್ನಿ!"

ಪೈಪು ದಾಟಿತು. ತುಳಸಿ ಕುಂಡ ದಾಟಿತು. ಹಗ್ಗದ ಮೇಲಿನ ಬಟ್ಟೆಗಳು ದಾಟಿದವು. ಬೆಣ್ಣೆಯಲ್ಲಿ ಚಾಕು ಇಳಿದಂತೆ ಕಾರು ಕೊಟ್ಟಿಗೆಯೊಳಗೆ ಸೇರಿತು. ಗಲ್ಲಿ ಚಪ್ಪಾಳೆ ತಟ್ಟಿತು. ಎಲ್ಲಿಯೂ ಏನೂ ತಾಕಿರಲಿಲ್ಲ. ತಾಕಿದ್ದು ನನ್ನ ಬೆನ್ನು ಮಾತ್ರ. ಇಡೀ ಗಲ್ಲಿಯ ಸುಣ್ಣ ಅದರ ಮೇಲಿತ್ತು.

ಸುಪ್ರೀತಾ ಇಳಿದು ಸೆರಗು ಸರಿಮಾಡಿಕೊಂಡಳು. ನಾನು ಕನ್ನಡಿ ಬಿಟ್ಟು ಮುಂದೆ ಬಂದೆ. ಗೆದ್ದವರ ಕಡೆಯವನೇ ಅಲ್ಲವೇ ನಾನು! ಅಂಗಿಯ ಸುಣ್ಣ ಕೊಡವಿ, ಎದೆಯುಬ್ಬಿಸಿ ಮುನಿಆಂಜನಪ್ಪನವರನ್ನು ಕೇಳಿದೆ.

"ಏನಂತೀರಿ ಯಜಮಾನ್ರೇ? ಕಾರು ಇಲ್ಲೇ ಇರಬಹುದಲ್ಲ?"

ಅವರು ಕಾರನ್ನು ನೋಡಿದರು. ಸುಪ್ರೀತಾಳನ್ನು ನೋಡಿದರು. ಆಮೇಲೆ ನನ್ನನ್ನು ಕಾಲಿನಿಂದ ತಲೆಯವರೆಗೆ ನಿಧಾನವಾಗಿ ನೋಡಿದರು.

"ಕಾರ್ ಇರ್ಲಿ ಸಾರ್. ನೀವು ಮೇನ್ ರೋಡಲ್ಲೇ ಇಳ್ಕೊಂಬಿಡಿ."